ಧಾರಾವಾಹಿಗೆ ಕನ್ನಡಿ, ನಮ್ಮೂರ ಸುದ್ದಿಗೆ ಮಂಜು

ಧಾರಾವಾಹಿಯ ಅತ್ತೆಯ ಮೂಗುತಿಯಲ್ಲಿ ಎಷ್ಟು ಹರಳಿವೆ ಎಂದು ಇವತ್ತು ಮನೆಯಲ್ಲಿ ಕುಳಿತೇ ಎಣಿಸಬಹುದು. ಅದೇ ಟಿವಿಯಲ್ಲಿ ಲೋಕಲ್ ಚಾನೆಲ್ ಹಾಕಿ. ನಮ್ಮ ಓಣಿಯ ರಸ್ತೆ ಕಾಮಗಾರಿಯ ಫಲಕ ತೋರಿಸುತ್ತಿರುತ್ತಾರೆ. ಅದರ ಮೇಲೆ ಎಷ್ಟು ಲಕ್ಷ ಎಂದು ಬರೆದಿದೆ, ಓದಿ ನೋಡಿ. ಆಗುವುದಿಲ್ಲ. ಫಲಕ ಇದೆ, ಅಕ್ಷರ ಇವೆ, ಅಂಕಿಯೂ ಇವೆ. ಕಾಣುವುದು ಮಾತ್ರ ಸುಣ್ಣ ಬಳಿದ ಗೋಡೆಯ ಮೇಲೆ ಇರುವೆ ಸಾಲು ಹರಿದ ಹಾಗೆ.

"ಸುದ್ದಿ ಕೇಳಿಸಿದರ ಸಾಕಲ್ರೀ, ಚಿತ್ರ ಹ್ಯಾಂಗ ಇದ್ದರ ಏನಾತು?" ಎನ್ನುವವರು ನಾಲತವಾಡದಲ್ಲೂ ಇದ್ದಾರೆ, ಮುದ್ದೇಬಿಹಾಳದಲ್ಲೂ ಇದ್ದಾರೆ. ಸಾಕಾಗುವುದಿಲ್ಲ ಎಂಬುದು ನಮ್ಮ ಮಾತು. ಪತ್ರಿಕೋದ್ಯಮ ಓದಿ ಊರಲ್ಲೇ ಸುದ್ದಿ ಮಾಡಬೇಕು ಎಂದು ಹೊರಟವರು ನಾವು. ಸ್ವಚ್ಛ ಚಿತ್ರ ಎಲ್ಲಕ್ಕಿಂತ ಹೆಚ್ಚು ಬೇಕಾಗಿರುವುದು ಊರಿನ ಸುದ್ದಿಗೆ. ಅದು ಎಲ್ಲಕ್ಕಿಂತ ಕಡೆಗೆ ಸಿಗುತ್ತಿರುವುದೂ ಊರಿನ ಸುದ್ದಿಗೇ. ಬಡತನ ಒಂದನ್ನೇ ಇದಕ್ಕೆ ಕಾರಣ ಎಂದು ಹೇಳಿದರೆ ನಾವು ಒಪ್ಪುವುದಿಲ್ಲ. ಯಾರನ್ನು ಮೊದಲು ತೋರಿಸಬೇಕು, ಯಾರನ್ನು ಆಮೇಲೆ ತೋರಿಸಿದರೂ ನಡೆಯುತ್ತದೆ ಎಂಬ ಲೆಕ್ಕಾಚಾರ ಇದರೊಳಗಿದೆ.

ಚುಕ್ಕಿಯ ಲೆಕ್ಕ

ಎಚ್‌ಡಿ ಎಂದರೇನು ಎಂದು ಅಂಗಡಿಯವರು ಹೇಳುವುದಿಲ್ಲ, ಡಬ್ಬಿಯ ಮೇಲಿನ ಚೀಟಿ ತೋರಿಸುತ್ತಾರೆ. ರಂಗೋಲಿ ಹಾಕುವ ಅಕ್ಕ-ತಂಗಿಯರಿಗೆ ಇದು ಬೇಗ ತಿಳಿಯುತ್ತದೆ. ಟಿವಿ ಚಿತ್ರ ಅಂದರೆ ಚುಕ್ಕಿ ರಂಗೋಲಿ. ಹಳೆಯ ಮಾದರಿಯ, ಅಂದರೆ ಎಸ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿ. ಗುಣಿಸಿದರೆ 4,14,720. ಪೂರ್ಣ ಎಚ್‌ಡಿಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080. ಗುಣಿಸಿದರೆ 20,73,600. ಸರಿಯಾಗಿ ಐದು ಪಟ್ಟು.

ಅಂದರೆ ಒಂದೇ ಅಂಗಳದಲ್ಲಿ ಒಬ್ಬರು ಐದು ಚುಕ್ಕಿ ಇಟ್ಟ ಜಾಗದಲ್ಲಿ ಇನ್ನೊಬ್ಬರು ಒಂದೇ ಚುಕ್ಕಿ ಇಟ್ಟಿದ್ದಾರೆ. ದೊಡ್ಡ ಹೂವು ಹೇಗೋ ಬಂದೀತು. ಸಣ್ಣ ಎಳೆ, ಸಣ್ಣ ಅಕ್ಷರ, ಸಣ್ಣ ಅಂಕಿ ಬರುವುದಿಲ್ಲ. ಇಲ್ಲದ ಚುಕ್ಕಿಯನ್ನು ಟಿವಿ ಎಷ್ಟೇ ದೊಡ್ಡದಾಗಿದ್ದರೂ ಹುಟ್ಟಿಸಲಾರದು.

ಇನ್ನೊಂದು ಗೊಂದಲ ಬಿಡಿಸಬೇಕು. ಡಿಜಿಟಲ್ ಬೇರೆ, ಎಚ್‌ಡಿ ಬೇರೆ. ಕೇಬಲ್ ಅನ್ನು ಡಿಜಿಟಲ್ ಮಾಡುವ ಕೆಲಸ 2012ರಲ್ಲಿ ಮಹಾನಗರಗಳಿಂದ ಶುರುವಾಗಿ, ನಾಲ್ಕನೆಯ ಹಂತದಲ್ಲಿ ಹಳ್ಳಿಗಳಿಗೆ ಬಂತು. ಅದರ ಕಡೆಯ ಗಡುವು 2017ರ ಮಾರ್ಚ್ 31. ಆಗ ಎಲ್ಲರೂ ಸೆಟ್‌ಟಾಪ್ ಬಾಕ್ಸ್ ಕೊಂಡೆವು. ಚಿತ್ರದಲ್ಲಿ ಉಪ್ಪು ಉದುರಿದಂತೆ ಕಾಣುತ್ತಿದ್ದ ಚುಕ್ಕೆ ಹೋಯಿತು, ಎಲ್ಲ ಸರಿಹೋಯಿತು ಅನ್ನಿಸಿತು. ಆದರೆ ಹಳ್ಳಿ ಮನೆಗಳಿಗೆ ಬಂದ ಅಗ್ಗದ ಬಾಕ್ಸ್‌ಗಳು ಬಹುಪಾಲು ಎಸ್‌ಡಿ ಬಾಕ್ಸ್‌ಗಳು. ಸರದಿಯಲ್ಲಿ ಕಡೆಗೆ ನಿಂತವರಿಗೆ ಹಳೆಯ ಸರಕು ಸಿಕ್ಕಿತು.

ಒಂದು ಕಾಲಕ್ಕೆ ನಾವೇ ಮೊದಲಿದ್ದೆವು

ನಮ್ಮ ಜಿಲ್ಲೆ ಯಾವಾಗಲೂ ಹೀಗೆ ಹಿಂದೆ ನಿಂತಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು, ಅಖಂಡ ವಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಹತ್ತಿತ್ತು.

ಅದು 'ಸೈಟ್' ಎಂಬ ಉಪಗ್ರಹ ಶಿಕ್ಷಣ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಕೊಟ್ಟಿತ್ತು, ಇಸ್ರೊ ನೆಲದ ಮೇಲಿನ ವ್ಯವಸ್ಥೆ ಮಾಡಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದಿಂದ ಆರಿಸಿದ್ದು ಮೂರೇ ಜಿಲ್ಲೆ: ವಿಜಾಪುರ, ಗುಲ್ಬರ್ಗ, ರಾಯಚೂರು. ಜಾಳಿಗೆಯ ದೊಡ್ಡ ಛತ್ರಿ ನಿಲ್ಲಿಸಿ ಆಕಾಶದಿಂದ ನೇರವಾಗಿ ಚಿತ್ರ ಹಿಡಿಯುತ್ತಿದ್ದರು. ಬೆಳಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಬೇಸಾಯ, ಆರೋಗ್ಯ. ಆ ಪ್ರಯೋಗ 1976ರ ಜುಲೈ 31ಕ್ಕೆ ಮುಗಿಯಿತು. ಆಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಬಂತು. ಅದೂ ಬೆಂಗಳೂರಿಗಿಂತ ಮೊದಲೇ.

ಆ ಪ್ರಯೋಗ ನಡೆಸಿದವರ ವಿಚಾರ ನೇರವಾಗಿತ್ತು. ಮಾಹಿತಿ ಯಾರಿಗೆ ಕಡಿಮೆ ಸಿಗುತ್ತದೋ ಅವರಿಗೆ ಮೊದಲು ಕೊಡಬೇಕು. ಅದಕ್ಕೇ ಹಿಂದುಳಿದ ಜಿಲ್ಲೆಗಳನ್ನು ಹುಡುಕಿ ಆರಿಸಿದರು. ಅರ್ಧ ಶತಮಾನ ಕಳೆಯಿತು. ಈಗಿನ ವಿಚಾರ ತಿರುಗುಮುರುಗು: ಯಾರ ಹತ್ತಿರ ರೊಕ್ಕ ಹೆಚ್ಚೋ ಅವರಿಗೆ ಮೊದಲು, ಯಾವ ಕಾರ್ಯಕ್ರಮಕ್ಕೆ ಜಾಹೀರಾತು ಹೆಚ್ಚೋ ಅದಕ್ಕೆ ಮೊದಲು.

ನೋಡಿ ಲೆಕ್ಕ. ದೂರದರ್ಶನ ಎಚ್‌ಡಿ ಪ್ರಸಾರ ಮಾಡಿದ್ದು 2010ರಲ್ಲಿ, ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ. ಕನ್ನಡ ಮನರಂಜನೆಗೆ ಎಚ್‌ಡಿ ಬಂದದ್ದು 2016ರಲ್ಲಿ, ಕಲರ್ಸ್ ಕನ್ನಡ ಎಚ್‌ಡಿಯೊಂದಿಗೆ. ಅದರ ಹಿಂದೆಯೇ ಎರಡು-ಮೂರು ವರ್ಷದಲ್ಲಿ ಸುವರ್ಣ, ಉದಯ, ಜೀ ಕನ್ನಡ ಬಂದವು. ಆಟ ಸ್ವಚ್ಛವಾಯಿತು, ಧಾರಾವಾಹಿ ಸ್ವಚ್ಛವಾಯಿತು, ಸಿನೆಮಾ ಸ್ವಚ್ಛವಾಯಿತು. ನಮ್ಮ ತಾಲ್ಲೂಕಿನ ಪಟ್ಟಣ ಪಂಚಾಯಿತಿ ಸಭೆಯ ಸುದ್ದಿ ಮಾತ್ರ ಇನ್ನೂ ಮಂಜಿನೊಳಗೇ ಇದೆ.

ಮಂಜಿನಿಂದ ಯಾರಿಗೆ ಲಾಭ?

ಧಾರಾವಾಹಿಯ ಚಿತ್ರ ಮಸುಕಾದರೆ ಕತೆಯೇನೂ ತಪ್ಪುವುದಿಲ್ಲ. ಸೊಸೆ ಅತ್ತರೆ ಅತ್ತಳೆಂದು ಗೊತ್ತಾಗುತ್ತದೆ, ಸಂಗೀತವೇ ಹೇಳಿಬಿಡುತ್ತದೆ. ಊರಿನ ಸುದ್ದಿ ಹಾಗಲ್ಲ. ಊರಿನ ಸುದ್ದಿ ಅಂದರೆ ಸಾಕ್ಷಿ. ಸಾಕ್ಷಿ ಇರುವುದೇ ಸಣ್ಣ ಅಕ್ಷರದಲ್ಲಿ.

ಮೊದಲು ಹೇಳಿದ ಕಾಮಗಾರಿ ಫಲಕವನ್ನೇ ತೆಗೆದುಕೊಳ್ಳಿ. ಅದರ ಮೇಲೆ ಕೆಲಸದ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರನ ಹೆಸರು, ಶುರುವಾದ ದಿನ, ಮುಗಿಯಬೇಕಾದ ದಿನ ಇರಬೇಕು. ವರದಿಗಾರ ಅದರ ಮುಂದೆ ನಿಂತು "ಇಷ್ಟು ಲಕ್ಷದ ರಸ್ತೆ ಆರೇ ತಿಂಗಳಿಗೆ ಕಿತ್ತು ಹೋಗಿದೆ" ಎನ್ನುತ್ತಾನೆ. ನೋಡುವವರಿಗೆ ಫಲಕ ಓದಲು ಬಂದರೆ ಅದು ಸಾಕ್ಷಿ. ಬರದಿದ್ದರೆ ವರದಿಗಾರನ ಬಾಯಿಮಾತು. ಬಾಯಿಮಾತಿಗೆ ಉತ್ತರವೂ ಬಾಯಿಮಾತಲ್ಲೇ ಬರುತ್ತದೆ: "ಸುಳ್ಳ ಹೇಳ್ತಾನ್ರೀ ಆಂವ." ಮುಗಿಯಿತು. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ, ಪಡಿತರ ಅಂಗಡಿಯ ದಾಸ್ತಾನು ಫಲಕ, ಬಿತ್ತನೆ ಬೀಜದ ಚೀಲದ ಮೇಲಿನ ದಿನಾಂಕ — ಎಲ್ಲದರ ಕತೆಯೂ ಇದೇ. ಚಿತ್ರ ಮಸುಕಾದಷ್ಟೂ ತಪ್ಪು ಮಾಡಿದವನಿಗೆ ತಂಪು.

ಇನ್ನು ಹೊಲದ ಮಾತು. ತೊಗರಿ ನಮ್ಮ ಬದುಕು. 2022ರ ಹಂಗಾಮಿನಲ್ಲಿ ಕಲಬುರಗಿ, ವಿಜಯಪುರ ಕಡೆ ನೆಟೆ ರೋಗ ಬಂದು ನಿಂತ ಬೆಳೆ ಒಣಗಿದ್ದನ್ನು ರೈತರು ಮರೆತಿಲ್ಲ. ನೆಟೆ ರೋಗವೋ ಅಲ್ಲವೋ ತಿಳಿಯಬೇಕಾದರೆ ಕಾಂಡ ಸೀಳಿ ಒಳಗೆ ನೋಡಬೇಕು, ಕಂದು-ಕಪ್ಪು ಗೆರೆ ಕಾಣುತ್ತದೆ. ಕಾಂಡದ ಹೊರಗೆ ಮಚ್ಚೆ ಬಿದ್ದಿದ್ದರೆ ಅದು ಬೇರೆ ರೋಗ ಇರಬಹುದು, ಉಪಚಾರವೂ ಬೇರೆ. ಹಿಟ್ನಳ್ಳಿಯ ಕೃಷಿ ವಿಜ್ಞಾನಿ ಕ್ಯಾಮೆರಾ ಮುಂದೆ ಕಾಂಡ ಸೀಳಿ ತೋರಿಸಿದರೂ, ಎಸ್‌ಡಿ ಚಿತ್ರದಲ್ಲಿ ಒಳಗಿನ ಗೆರೆಯೂ ಕಪ್ಪು, ಹೊರಗಿನ ಮಚ್ಚೆಯೂ ಕಪ್ಪು. ಇಂಡಿ, ಸಿಂದಗಿಯ ಲಿಂಬೆ ತೋಟದವರು ಎಲೆಯ ಮೇಲಿನ ಚುಕ್ಕೆ ಗುರುತಿಸುವುದಾದರೂ ಹೇಗೆ? ದ್ರಾಕ್ಷಿಯವರು ಎಲೆಯ ಹಿಂಬದಿಯ ಬಿಳಿ ಬೂಸ್ಟು ಕಾಣುವುದು ಹೇಗೆ? ತಪ್ಪು ಗುರುತಿಸಿ ತಪ್ಪು ಔಷಧ ಹೊಡೆದರೆ ಆ ಖರ್ಚು ಚಾನೆಲ್‌ನವರು ಕೊಡುವುದಿಲ್ಲ.

ಹೊಳೆಯ ಮಾತು ಇನ್ನೂ ದೊಡ್ಡದು. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ. ನಡುವೆ ಕೃಷ್ಣೆಯ ದಂಡೆಗೆ ನಮ್ಮವರ ಹೊಲ, ಪಂಪ್‌ಸೆಟ್, ದನಕರು. ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ತಂಗಡಗಿಯಂಥ ಹೊಳೆದಂಡೆಯ ಊರಿನವರು ದಿನಾ ನೋಡುವುದು ಮೂರು ಅಂಕಿ: ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. 2019ರ ಆಗಸ್ಟ್ ಪ್ರವಾಹ ಕಂಡವರಿಗೆ ಹೊರಹರಿವಿನ ಅಂಕಿಯಲ್ಲಿ ಒಂದು ಸೊನ್ನೆ ಹೆಚ್ಚು-ಕಡಿಮೆ ಆದರೆ ಏನರ್ಥ ಎಂದು ಬಿಡಿಸಿ ಹೇಳಬೇಕಿಲ್ಲ. ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ 3 ಯಾವುದು, 8 ಯಾವುದು ತಿಳಿಯದಿದ್ದರೆ ಆ ಪಟ್ಟಿ ಓಡಿದ್ದು ಯಾರಿಗಾಗಿ?

ಚಿತ್ರ ಕೆಡುವುದು ಎಲ್ಲಿ?

ತಮಾಷೆ ಏನೆಂದರೆ, ಇವತ್ತು ನಮ್ಮೂರ ಸುದ್ದಿಯ ಚಿತ್ರ ಹುಟ್ಟುವಾಗ ಸ್ವಚ್ಛವಾಗಿಯೇ ಹುಟ್ಟುತ್ತದೆ. ವರದಿಗಾರನ ಕೈಯಲ್ಲಿರುವ ಸಾಧಾರಣ ಮೊಬೈಲ್ ಕೂಡ ಪೂರ್ಣ ಎಚ್‌ಡಿ ವಿಡಿಯೊ ತೆಗೆಯುತ್ತದೆ. ಕೆಡುವುದು ದಾರಿಯಲ್ಲಿ. ಗಟ್ಟಿ ಹಾಲು ಕರೆದು, ಮನೆ ಮುಟ್ಟುವುದರೊಳಗೆ ಮೂರು ಕಡೆ ನೀರು ಬೆರೆಸಿದ ಹಾಗೆ.

ಮೊದಲ ನೀರು ಚಾನೆಲ್‌ನ ಕೋಣೆಯಲ್ಲಿ. ಕಂಪ್ಯೂಟರಿನಿಂದ ಹಳದಿ ತುದಿಯ ಹಳೆಯ ವೈರಿನಲ್ಲಿ ಚಿತ್ರ ಹೊರಗೆ ಬಿಡುತ್ತಾರೆ. ಆ ವೈರು ಎಚ್‌ಡಿಯನ್ನು ಹೊರುವುದೇ ಇಲ್ಲ. ಅಲ್ಲಿಗೇ ಐದರಲ್ಲಿ ನಾಲ್ಕು ಪಾಲು ಚುಕ್ಕಿ ಹೋದವು.

ಎರಡನೆಯ ನೀರು ಕೇಬಲ್ ಕಂಪನಿಯ ಮುಖ್ಯ ಕೇಂದ್ರದಲ್ಲಿ. ಒಂದು ಎಚ್‌ಡಿ ಚಾನೆಲ್ ಹಿಡಿಯುವ ಜಾಗದಲ್ಲಿ ಎರಡು-ಮೂರು ಎಸ್‌ಡಿ ಚಾನೆಲ್ ಕೂಡಿಸಬಹುದು. ಜಾಗ ಅಂದರೆ ರೊಕ್ಕ. ಹಾಗಾಗಿ ಲೋಕಲ್ ಚಾನೆಲ್‌ಗೆ ಸಿಗುವುದು ಕಟ್ಟೆಯ ತುದಿ. ಅಲ್ಲೂ ಒತ್ತಿ ಒತ್ತಿ ಕೂರಿಸುತ್ತಾರೆ. ಯಾರಾದರೂ ಓಡಿದರೆ ಚಿತ್ರ ಚೌಕ ಚೌಕ ಒಡೆಯುವುದು ಈ ಒತ್ತಾಟಕ್ಕೇ.

ಮೂರನೆಯದು ನಮ್ಮ ಮನೆಯಲ್ಲಿ. ಎಸ್‌ಡಿ ಬಾಕ್ಸ್‌ಗೆ ಎಚ್‌ಡಿ ಟಿವಿ ಜೋಡಿಸಿರುತ್ತೇವೆ. ಕಂತಿನ ಮೇಲೆ ತಂದ ಪೂರ್ಣ ಎಚ್‌ಡಿ ಟಿವಿ ಐದು ಸೇರು ಹಿಡಿಯುವ ಪಾತ್ರೆ. ಅದಕ್ಕೆ ಒಂದು ಸೇರು ಸುರಿದು, ತುಂಬಿದೆ ಎನ್ನುತ್ತಿದ್ದೇವೆ.

ಇಷ್ಟು ಸಾಲದು ಅಂತ ಇನ್ನೊಂದು ಮೋಸ. ಹಳೆಯ ಚೌಕ ಚಿತ್ರವನ್ನು ಅಡ್ಡಕ್ಕೆ ಎಳೆದು ಅಗಲ ಪರದೆ ತುಂಬಿಸಿ, ಮೂಲೆಯಲ್ಲಿ 'ಎಚ್‌ಡಿ' ಎಂದು ಬರೆದುಬಿಡುವುದು. ಸಭೆಯಲ್ಲಿ ಕೂತ ಹಿರಿಯರ ಮುಖವೆಲ್ಲ ಹೋಳಿಗೆಯ ಹಾಗೆ ಅಗಲ, ಎತ್ತಿನ ಬಂಡಿಯ ಗಾಲಿ ಮೊಟ್ಟೆಯಾಕಾರ. ಮುಖ ಹಿಗ್ಗಿಸಿದರೆ ಎಚ್‌ಡಿ ಆಗುವುದಿಲ್ಲ.

ಯಾರನ್ನು ಕೇಳಿದರೂ ಬೆರಳು ಇನ್ನೊಬ್ಬರ ಕಡೆ. ಚಾನೆಲ್‌ನವರು "ಕಂಪನಿ ಜಾಗಾ ಕೊಡವಲ್ದು" ಎನ್ನುತ್ತಾರೆ. ಕಂಪನಿಯವರು "ಊರಾಗ ಎಚ್‌ಡಿ ಬಾಕ್ಸೇ ಇಲ್ಲ" ಎನ್ನುತ್ತಾರೆ. ಕೇಬಲ್ ಅಣ್ಣ "ಜನ ಹೆಚ್ಚಿಗಿ ರೊಕ್ಕ ಕೊಡಂಗಿಲ್ರೀ" ಎನ್ನುತ್ತಾನೆ. ಜನ "ಎಚ್‌ಡಿಯೊಳಗ ನಮ್ಮೂರಿಂದೇನ ಬರ್ತೈತಿ, ಅದನ್ನ ಯಾಕ ತಗೋಬೇಕು?" ಎನ್ನುತ್ತಾರೆ. ಗಾಣದೆತ್ತು ತಿರುಗುತ್ತಲೇ ಇದೆ, ಎಣ್ಣೆ ಮಾತ್ರ ಬರುವುದಿಲ್ಲ.

ನಿಯಮವೂ ಬಡವನ ಕಡೆ ನೋಡಲಿಲ್ಲ. 2019ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಟ್ರಾಯ್ ದರ ಪದ್ಧತಿಯಲ್ಲಿ ತೆರಿಗೆ ಬಿಟ್ಟು 130 ರೂಪಾಯಿಗೆ 100 ಚಾನೆಲ್ ಎಂದು ಹಾಕಿದರು. ಆದರೆ ಒಂದು ಎಚ್‌ಡಿ ಚಾನೆಲ್ ತಗೊಂಡರೆ ಎರಡು ಚಾನೆಲ್ ಎಂದು ಆಗಿನ ಲೆಕ್ಕವಾಗಿತ್ತು. ಅಂದರೆ ಸ್ವಚ್ಛವಾಗಿ ನೋಡುವುದು ಶೋಕಿ ಎಂದು ಕಾಗದದ ಮೇಲೆಯೇ ಬರೆದ ಹಾಗಾಯಿತು.

ಮೂರು ಸಬೂಬು

"ಈಗ ಎಲ್ಲಾ ಯೂಟ್ಯೂಬ್‌ನಾಗ ಐತಲ್ಲ" ಎಂಬುದು ಮೊದಲ ಸಬೂಬು. ಇದೆ, ನಾವೂ ಅಲ್ಲೇ ಹಾಕುತ್ತೇವೆ, ನೀವೂ ಇದನ್ನು ಮೊಬೈಲಿನಲ್ಲೇ ಓದುತ್ತಿದ್ದೀರಿ. ಆದರೆ ಹೊಲದಲ್ಲಿ ಸಿಗ್ನಲ್ ಒಂದು ಕಡ್ಡಿಗೆ ಇಳಿದರೆ ಯೂಟ್ಯೂಬ್ ಚಿತ್ರ ಎಸ್‌ಡಿಗಿಂತಲೂ ಕೀಳಾಗುತ್ತದೆ. ಡೇಟಾ ಮುಗಿದರೆ ಅದೂ ಇಲ್ಲ. ಮನೆಯಲ್ಲಿರುವ ಅವ್ವ, ಆಯಿ, ಮುತ್ಯಾ ನೋಡುವುದು ಟಿವಿಯನ್ನೇ. ಮೇಲಾಗಿ ಕೇಬಲ್ ಚಾನೆಲ್ ಮೇಲೆ ಕಾನೂನಿನ ಕಣ್ಣಿದೆ. 2022ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ ಪ್ರಕಾರ, ಕೇಬಲ್ ಜಾಲದವರು ನಡೆಸುವ ಇಂಥ ಚಾನೆಲ್‌ಗೆ ತಲಾ 1,000 ರೂಪಾಯಿ ಕಟ್ಟಿ ನೋಂದಾಯಿಸಬೇಕು, ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿರಬೇಕು, ಪ್ರಸಾರವಾದದ್ದನ್ನು 90 ದಿನ ಕಾದಿಡಬೇಕು. ಆಧಾರವಿಲ್ಲದೆ ಹಬ್ಬಿಸಿದ ವಾಟ್ಸ್‌ಆ್ಯಪ್ ವಿಡಿಯೊಗೆ ಇಂಥ ಹೊಣೆ ಇಲ್ಲ. ಹೊಣೆ ಇರುವ ಸುದ್ದಿ ಮಸುಕಾಗಿ, ಹೊಣೆ ಇಲ್ಲದ್ದು ಸ್ವಚ್ಛವಾಗಿ ಕಂಡರೆ ಜನ ಯಾವುದನ್ನು ನಂಬುತ್ತಾರೆ?

"ಸಣ್ಣ ಟಿವಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ" ಎಂಬುದು ಎರಡನೆಯದು. ಹಾಗಾದರೆ ಅಂಗೈ ಅಗಲದ ಮೊಬೈಲಿನಲ್ಲಿ ಮಸುಕು ವಿಡಿಯೊ ಬಂದರೆ ನೀವೇ ಯಾಕೆ ಮುಂದೆ ಸರಿಸುತ್ತೀರಿ? ಕಣ್ಣಿಗೆ ರೂಢಿಯಾಗಿದೆ. ಸ್ವಚ್ಛ ನೀರು ಕುಡಿದವನಿಗೆ ಕೆಸರು ನೀರು ಇಳಿಯುವುದಿಲ್ಲ.

"ಖರ್ಚು" ಎಂಬುದು ಮೂರನೆಯದು. ಖರ್ಚಿದೆ, ಇಲ್ಲ ಎನ್ನುವುದಿಲ್ಲ. ಆದರೆ ರೊಕ್ಕ ಒಂದೇ ಕಾರಣವಲ್ಲ ಎಂದು ನಾವು ಹೇಳಲು ಒಂದು ದೂರದ ಊರಿನ ಸಾಕ್ಷಿ ಇದೆ. ಇಂಗ್ಲೆಂಡಿನ ಬಿಬಿಸಿ ಲೋಕದಲ್ಲೇ ದೊಡ್ಡ ಸಂಸ್ಥೆ. 2010ರಲ್ಲಿ ತನ್ನ ಮೊದಲ ವಾಹಿನಿ ಬಿಬಿಸಿ ಒನ್ ಅನ್ನು ಎಚ್‌ಡಿ ಮಾಡಿತು. ಆದರೆ ಇಂಗ್ಲೆಂಡಿನ ಪ್ರಾದೇಶಿಕ ಸುದ್ದಿ ಶುರುವಾಗುವ ಹೊತ್ತಿಗೆ ಆ ಎಚ್‌ಡಿ ವಾಹಿನಿಯಲ್ಲಿ ಒಂದು ಚೀಟಿ ಬರುತ್ತಿತ್ತು: ನಿಮ್ಮ ಭಾಗದ ಸುದ್ದಿ ಇಲ್ಲಿ ಇಲ್ಲ, ಹಳೆಯ ಎಸ್‌ಡಿ ವಾಹಿನಿಗೆ ಹೋಗಿ ಎಂಬ ಅರ್ಥದ್ದು. ಹತ್ತು ವರ್ಷಕ್ಕೂ ಮೀರಿ ಹೀಗೇ ನಡೆಯಿತು. ಎಲ್ಲ ಪ್ರಾಂತಗಳ ಸುದ್ದಿ ಎಚ್‌ಡಿ ವಾಹಿನಿಗೆ ಬಂದದ್ದು 2023ರ ಆರಂಭದ ಹೊತ್ತಿಗೆ. ಅಷ್ಟು ಶ್ರೀಮಂತರ ಮನೆಯಲ್ಲೂ ಊರಿನ ಸುದ್ದಿಗೆ ಕಡೆಯ ಪಂಕ್ತಿಯೇ. ಆದರೂ ಅವರು ಕೊನೆಗೆ ಮಾಡಿದರು. ನಮ್ಮಲ್ಲಿ ಅಂಥ ಚೀಟಿ ಹಾಕುವ ಮರ್ಯಾದೆಯೂ ಇಲ್ಲ, ಗಡುವೂ ಇಲ್ಲ.

ನಾವು ಕೇಳುವುದು ಇಷ್ಟು

ಲೋಕಲ್ ಚಾನೆಲ್ ನಡೆಸುವ ಅಣ್ಣಂದಿರಿಗೆ: ಕಂಪನಿ ಜಾಗ ಕೊಡುವವರೆಗೆ ಕಾಯಬೇಡಿ. ಚಿತ್ರ ಹಿಡಿಯುವುದರಿಂದ ಹೊರಗೆ ಬಿಡುವವರೆಗೆ ನಿಮ್ಮ ಕೋಣೆಯೊಳಗೆ ಎಚ್‌ಡಿ ಮಾಡಿ, ಹಳದಿ ವೈರು ಕಿತ್ತುಹಾಕಿ. ಮುಖ ಎಳೆಯುವುದು ಬಿಡಿ. ಅಂಕಿ-ಅಕ್ಷರಗಳನ್ನು ದೊಡ್ಡದಾಗಿ, ನಿಧಾನವಾಗಿ ಹಾಕಿ. ದಾಖಲೆ ತೋರಿಸುವಾಗ ಹತ್ತಿರ ಹೋಗಿ, ಐದು ಎಣಿಸುವವರೆಗೆ ಕ್ಯಾಮೆರಾ ಅಲುಗಾಡಿಸಬೇಡಿ. ಇದಕ್ಕೆ ರೊಕ್ಕ ಬೇಡ, ಮನಸ್ಸು ಬೇಕು.

ಕೇಬಲ್ ಕಂಪನಿಗಳಿಗೆ: ಜಿಲ್ಲೆಗೆ ಕನಿಷ್ಠ ಒಂದು ಸ್ಥಳೀಯ ಸುದ್ದಿ ಚಾನೆಲ್‌ಗೆ ಎಚ್‌ಡಿ ಜಾಗ ಕೊಡಿ. ಯಾರೂ ನೋಡದ ಹತ್ತಾರು ಚಾನೆಲ್ ಹೊತ್ತಿದ್ದೀರಿ, ನಿಮ್ಮ ಗಿರಾಕಿಯ ಊರನ್ನೂ ಹೊರಿ. ಕೆಟ್ಟ ಬಾಕ್ಸ್ ಬದಲಿಸುವಾಗ ಮತ್ತೆ ಎಸ್‌ಡಿ ಬಾಕ್ಸ್ ಕೊಡಬೇಡಿ.

ಪ್ರಸಾರ ಭಾರತಿಗೆ: 2023ರ ಜನವರಿಯಲ್ಲಿ ಕೇಂದ್ರ ಸಂಪುಟ ನಿಮ್ಮ ಪ್ರಸಾರ ವ್ಯವಸ್ಥೆ ಸುಧಾರಿಸಲು 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಫಲ ಬೆಂಗಳೂರಿನ ಸ್ಟುಡಿಯೊದ ಮೇಜು-ಕುರ್ಚಿಯಲ್ಲಿ ಕಂಡರೆ ಸಾಲದು. ಚಂದನದಲ್ಲಿ ಬರುವ ಉತ್ತರ ಕರ್ನಾಟಕದ ಬೇಸಾಯದ ಕಾರ್ಯಕ್ರಮದಲ್ಲಿ, ತೊಗರಿ ಕಾಂಡದ ಒಳಗಿನ ಗೆರೆಯಲ್ಲಿ ಕಾಣಬೇಕು. ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್ ಛತ್ರಿ ಹಾಕಿಕೊಂಡ ಬಡವರ ಮನೆಯಲ್ಲೂ ಕಾಣಬೇಕು. 1975ರಲ್ಲಿ ಆದದ್ದು ಈಗ ಯಾಕೆ ಆಗಬಾರದು?

ಸರಕಾರಕ್ಕೆ: ಸ್ಥಳೀಯ ಚಾನೆಲ್‌ಗೆ ಶುಲ್ಕ, ಮಿತಿ, ನೋಂದಣಿ ಎಲ್ಲಕ್ಕೂ ನಿಯಮ ಮಾಡಿದ್ದೀರಿ. ಚಿತ್ರ ಸ್ವಚ್ಛವಿರಬೇಕು ಎಂಬುದಕ್ಕೂ ಒಂದು ಗಡುವು ಹಾಕಿ.

ಕಡೆಯದಾಗಿ ಓದುಗರಾದ ನಿಮಗೆ. ಇವತ್ತು ಸಂಜೆ ಟಿವಿಯ ಹಿಂದೆ ಬಗ್ಗಿ ನೋಡಿ. ಬಾಕ್ಸ್‌ನಿಂದ ಕೆಂಪು, ಬಿಳಿ, ಹಳದಿ ಮೂರು ತುದಿಯ ವೈರು ಬಂದಿದ್ದರೆ ನೀವು ನೋಡುತ್ತಿರುವುದು ಎಸ್‌ಡಿ. ಅಗಲ ತುದಿಯ ಒಂದೇ ಎಚ್‌ಡಿಎಂಐ ವೈರು ಜೋಡಿಸುವ ಕಿಂಡಿ ನಿಮ್ಮ ಬಾಕ್ಸ್‌ನಲ್ಲಿ ಇದೆಯೇ ನೋಡಿ. ಕಿಂಡಿ ಇದ್ದೂ ಹಳೆಯ ವೈರೇ ಇದ್ದರೆ ವೈರು ಬದಲಿಸಿ. ಕಿಂಡಿ ಇದೆ ಎಂದ ಮಾತ್ರಕ್ಕೆ ಅದು ಎಚ್‌ಡಿ ಬಾಕ್ಸ್ ಎಂದಲ್ಲ, ಕೇಬಲ್ ಅಣ್ಣನನ್ನು ಕೇಳಿ ಖಚಿತ ಮಾಡಿಕೊಳ್ಳಿ. ಎಚ್‌ಡಿ ಬಾಕ್ಸ್ ಅಲ್ಲದಿದ್ದರೆ, ತಿಂಗಳ ರೊಕ್ಕ ಇಸಿದುಕೊಳ್ಳಲು ಅವನು ಬಂದಾಗ ಎರಡೇ ಪ್ರಶ್ನೆ ಕೇಳಿ: "ಎಚ್‌ಡಿ ಬಾಕ್ಸ್ ಯಾವಾಗ ಕೊಡ್ತಿ? ನಮ್ಮೂರ ಸುದ್ದಿ ಎಚ್‌ಡಿಯೊಳಗ ಯಾವಾಗ ಬರ್ತೈತಿ?" ಒಬ್ಬರು ಕೇಳಿದರೆ ನಗುತ್ತಾನೆ. ಓಣಿಯ ಇಪ್ಪತ್ತು ಮನೆಯವರು ಕೇಳಿದರೆ ಮೇಲಿನವರಿಗೆ ಫೋನ್ ಮಾಡುತ್ತಾನೆ.

ಅತ್ತೆಯ ಮೂಗುತಿ ಕಂಡದ್ದು ಸಾಕು. ಇನ್ನು ಫಲಕದ ಮೇಲಿನ ಲಕ್ಷದ ಲೆಕ್ಕ ಕಾಣಲಿ.